ತಗಡಿನ ಮೇಲಿನ ಕಲ್ಲು

ಮರುಳಯ್ಯನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ಮನಸ್ಸು ಎಲ್ಲಿ ಜಾರಿಬಿಡುತ್ತದೋ ಎಂಬ ಹೆದರಿಕೆ ನನಗೆ. ಹೆದರಿಕೆಯಾದಾಗಲೆಲ್ಲ ಒಂದು ವ್ರತ ಹಿಡಿದೆ. ಈಗ ಆರಾಗಿವೆ. ಹೆದರಿಕೆ ಹೋಗಿಲ್ಲ. ಏಳನೆಯದು ಹಿಡಿಯಲೇ?”

ವ್ರತಗಳ ಉಪವಾಸದಿಂದ ಅವನ ಕೆನ್ನೆ ಗುಳಿಬಿದ್ದಿತ್ತು. ಗುರುಗಳು ಅದನ್ನು ನೋಡಿ, ಹಿಡಿಯುವೆಯಂತೆ, ಅವಸರವೇನು, ಮೊದಲು ಒಂದು ಕತೆ ಕೇಳು ಎಂದರು.

ಒಬ್ಬ ರೈತನಿಗೆ ಎರಡು ಎಕರೆ ಹೊಲವಿತ್ತು. ನೇಗಿಲು, ಕೂರಿಗೆ, ಔಷಧಿ ಹೊಡೆಯುವ ಯಂತ್ರ ಎಲ್ಲವೂ ಮರದ ಕೆಳಗೆ ನೆನೆದು ತುಕ್ಕು ಹಿಡಿಯುತ್ತಿದ್ದವು. ಅವುಗಳಿಗೊಂದು ಕೊಟ್ಟಿಗೆ ಕಟ್ಟಬೇಕೆಂದುಕೊಂಡ. ಕೈಯಲ್ಲಿದ್ದುದು ಕಡಿಮೆ. ಬದುವಿನಲ್ಲಿದ್ದ ನೀಲಗಿರಿ ಕಡಿದು ಕಂಬ ಮಾಡಿದ. ಹಳೆಯ ತಗಡು ತಂದು ಹೊದಿಸಿದ. ಗಾಳಿಗೆ ಹಾರದಿರಲೆಂದು ಎಲ್ಲರಂತೆ ತಗಡಿನ ಮೇಲೆ ಕಲ್ಲು ಹೇರಿದ.

ಕಂಬ ನಿಲ್ಲಿಸಿಕೊಟ್ಟ ಬಡಗಿ ಹೋಗುವಾಗ ಹೇಳಿದ: “ಹತ್ತು ಕಲ್ಲು ಸಾಕು ಕಣಪ್ಪ. ಹೆದ್ರಿಕೆ ಆದ್ರೆ ತಂತಿ ತಂದು ಬಿಗಿ, ಕಲ್ಲು ಏರಿಸ್ಬೇಡ. ಈ ಕಂಬ ಹೊರೋದು ಅಷ್ಟೇಯ.”

ಮುಂಗಾರಿನ ಮೊದಲ ಗಾಳಿಗೆ ಪಕ್ಕದ ಹೊಲದವನ ತಗಡು ಹಾರಿ ಬಂದು ಒಂದು ಎತ್ತಿನ ಕುತ್ತಿಗೆ ಕೊಯ್ದುಹಾಕಿತು. ರೈತ ಅದನ್ನು ಕಣ್ಣಾರೆ ಕಂಡ. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ತಗಡು ಪಟಪಟ ಎಂದರೆ ಎದೆ ಧಸಕ್ಕೆನ್ನುತ್ತಿತ್ತು. ಏಣಿ ಹತ್ತಿ ಇನ್ನೊಂದು ಕಲ್ಲು ಇಡುತ್ತಿದ್ದ. ಕಲ್ಲು ಕಣ್ಣೆದುರಿಗೇ ಹೊಲದಲ್ಲಿ ಬಿದ್ದಿತ್ತು. ತಂತಿ ತರಲು ಸಂತೆಗೆ ಹೋಗಬೇಕಿತ್ತು. ಹೆದರಿದವನಿಗೆ ಸಂತೆಯ ತನಕ ಕಾಯುವ ತಾಳ್ಮೆ ಎಲ್ಲಿಯದು! ಕಲ್ಲು ಇಟ್ಟಾಗ ಸದ್ದು ನಿಲ್ಲುತ್ತಿತ್ತು. ಅವನಿಗೆ ಅಷ್ಟೇ ಬೇಕಿತ್ತು.

ಕೊಟ್ಟಿಗೆಯೊಳಗೆ ಹೋಗಿ ಬರುತ್ತಿದ್ದವಳು ಅವನ ಹೆಂಡತಿ. ಒಂದು ದಿನ ಅವಳು ಕೇಳಿಯೇಬಿಟ್ಟಳು: “ಒಳಗೆ ಕಂಬ ಕಿರ್ರ್ ಅಂತದೆ. ನಂಗೆ ಭಯ ಆಗ್ತದೆ. ಒಂದೀಟು ಕಲ್ಲು ಇಳಿಸ್ಬಾರ್ದಾ?”

“ಗಾಳಿ ನೋಡಿದೀಯಾ ನೀನು?” ಎಂದು ರೈತ ಗದರಿದ. ಅವನು ಆಕಾಶವನ್ನು ನೋಡುತ್ತಿದ್ದ. ಕಂಬವನ್ನು ನೋಡಲಿಲ್ಲ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಒಳಗೆ ಹೋಗುವಾಗ ಮಾತ್ರ ಉಸಿರು ಬಿಗಿಹಿಡಿದು ಹೋಗುತ್ತಿದ್ದಳು, ಬೇಕಾದುದನ್ನು ಎತ್ತಿಕೊಂಡು ಓಡಿ ಬರುತ್ತಿದ್ದಳು.

ಒಂದು ಮಧ್ಯಾಹ್ನ ಕುಡುಗೋಲು ತರಲು ಹೋದವಳು ಹೊರಗೆ ಬರಲಿಲ್ಲ. ಅಂಗಳದಲ್ಲಿದ್ದ ರೈತ ಸದ್ದು ಕೇಳಿ ಓಡಿದ. ಕೊಟ್ಟಿಗೆ ಇದ್ದ ಕಡೆ ಕಲ್ಲಿನ ಗುಡ್ಡೆಯಿತ್ತು. ಕೈಯಿಂದಲೇ ಎತ್ತಿ ಎಸೆಯತೊಡಗಿದ. ಒಂದೊಂದು ಕಲ್ಲು ಎತ್ತುವಾಗಲೂ ಅದನ್ನು ಯಾವ ದಿನ, ಯಾವ ಸದ್ದಿಗೆ ಹೆದರಿ ಇಟ್ಟಿದ್ದೆನೆಂಬುದು ಅವನಿಗೆ ನೆನಪಾಗುತ್ತಿತ್ತು. ಕೊನೆಯ ಕಲ್ಲು ಸರಿಸುವ ಹೊತ್ತಿಗೆ ಅವಳ ಕೈ ತಣ್ಣಗಾಗಿತ್ತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಮುಂದಕ್ಕೆ ಸರಿದು ಕುಳಿತ.

“ಅಷ್ಟು ಕಲ್ಲಿದ್ದರೂ ಉರುಳಿಸಿತೇ? ಎಂಥ ಗಾಳಿಯಿರಬೇಕು ಅದು, ಗುರುಗಳೇ?” ಎಂದ.

ಗುರುಗಳು ಹೇಳಿದರು: “ಆ ದಿನ ಗಿಡದ ಎಲೆಯೂ ಅಲುಗಿರಲಿಲ್ಲ.”