ಹೂ ಬಿಡಿಸಿದ ಪಾಠ

"ಗುರುಗಳೇ, ಗಿಡಬಳ್ಳಿ, ಹಕ್ಕಿ, ಹುಳುಗಳ ಜೊತೆ ಹೊಂದಿ ಬಾಳುವುದನ್ನು ಮಕ್ಕಳಿಗೆ ಕಲಿಸಬೇಕೆಂದಿದ್ದೇನೆ. ಬರೀ ಬಾಯಿಮಾತು ಸಾಲದು. ಏನೇನು ಸಾಮಗ್ರಿ ಬೇಕಾದೀತು? ಚಿತ್ರಪಟಗಳನ್ನು ತರಿಸಲೇ?"

ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿಷ್ಯ ಹೀಗೆ ಕೇಳಿದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಉಪಾಧ್ಯಾಯನಿದ್ದ. ದೇವರಿಗೆ ಹೂವೇರಿಸದೆ ತೊಟ್ಟು ನೀರೂ ಕುಡಿಯದವನು. ಭಗವಂತನ ಸೃಷ್ಟಿಯಲ್ಲಿ ಒಂದು ಜೀವ ಇನ್ನೊಂದನ್ನು ಹೇಗೆ ಕಾಯುತ್ತದೆಂದು ಮಕ್ಕಳಿಗೆ ಮನಗಾಣಿಸಬೇಕೆಂಬುದು ಅವನ ಆಸೆ.

ಶಾಲೆಯ ಹಿಂದೆ ಒಬ್ಬ ವಿಧವೆಯ ಹೀರೆ ಚಪ್ಪರವಿತ್ತು. ಆ ಕಾಯಿ ಮಾರಿದರೇ ಅವಳ ಮನೆಯಲ್ಲಿ ಒಲೆ ಉರಿಯಬೇಕು. ಒಂದು ಸಂಜೆ ಉಪಾಧ್ಯಾಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದ. ಹೂವಿನ ಮೇಲೆ ಕೂತ ಜೇನುಹುಳವನ್ನು ತೋರಿಸಿದ. ಹೂವಿನ ಬುಡದ ಹೀಚನ್ನು ತೋರಿಸಿದ. ಹುಳ ಬಾರದಿದ್ದರೆ ಹೀಚು ಕಾಯಾಗದು, ಕಾಯಿಲ್ಲದಿದ್ದರೆ ಈ ತಾಯಿಗೆ ಊಟವಿಲ್ಲ ಎಂದು ವಿವರಿಸಿದ. ಮಕ್ಕಳು ಉಸಿರೆತ್ತದೆ ಕೇಳಿದರು. ಅವನಿಗೆ ಹಿಗ್ಗಾಯಿತು.

"ನಾಳೆ ಬರುವಾಗ ಎಲ್ಲರೂ ಈ ಹೂ ಬಿಡಿಸಿಕೊಂಡು ಬನ್ನಿ" ಎಂದ.

ಮರುದಿನ ಮಕ್ಕಳು ಮಡಿಲ ತುಂಬ ಹೂ ತಂದು ಅವನ ಮುಂದೆ ಸುರಿದರು. ಜೊತೆಯಲ್ಲಿ ಹೀಚುಗಳೂ ಉರುಳಿದವು. ಉಪಾಧ್ಯಾಯ ಕಿಟಕಿಯಿಂದ ನೋಡಿದ. ಚಪ್ಪರದಲ್ಲಿ ಬರೀ ಎಲೆ.

"ಚಿತ್ರ ಬಿಡಿಸಿ ಅಂದರೆ ಹೂವನ್ನೇ ಬಿಡಿಸಿದಿರಲ್ಲೋ" ಎಂದು ಗದರಿದ. "ನಿನ್ನೆ ಗಂಟಲು ಹರಿದುಕೊಂಡು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲವೇ? ಪರರ ಬಳ್ಳಿಗೆ ಕೈಹಾಕಲು ಯಾರು ಕಲಿಸಿದರು ನಿಮಗೆ?"

ಒಬ್ಬ ಹುಡುಗಿ ಎದ್ದು ನಿಂತಳು. ಎದುರು ಮಾತಾಡುವ ಮಗುವಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು, ಅಷ್ಟೇ.

"ದಿನಾ ಬೆಳಿಗ್ಗೆ ನೀವು ನಮ್ಮ ಬೇಲಿ ದಾಸವಾಳ ಬಿಡಿಸ್ತೀರಲ್ಲ ಮೇಷ್ಟ್ರೇ, ಕೋಲಲ್ಲಿ ಕೊಂಬೆ ಬಗ್ಗಿಸಿಕೊಂಡು. ದೇವರಿಗಲ್ವಾ, ಹೋಗ್ಲಿ ಬಿಡು ಅಂತಾಳೆ ಅವ್ವ. ನೀವು ಮೊಗ್ಗೂ ಬಿಡಲ್ಲ. ನಾವೂ ಹಂಗೇ, ಒಂದೂ ಬಿಡಲಿಲ್ಲ."

 ದಾಸವಾಳ ಬಿಡಿಸುವ ಆ ಹೊತ್ತಿನಲ್ಲಿ ತನ್ನನ್ನು ಯಾರೂ ನೋಡುವುದಿಲ್ಲವೆಂದು ಉಪಾಧ್ಯಾಯ ತಿಳಿದಿದ್ದ. ನೋಡಿದರೂ ದೇವರ ಕೆಲಸ ತಾನೇ ಎಂಬ ಧೈರ್ಯವಿತ್ತು. ಮುಂದೆ ಕೂತ ಮಕ್ಕಳ ಮುಖದಲ್ಲಿ ಕುಚೋದ್ಯವಿರಲಿಲ್ಲ. ಗುರು ಮಾಡಿದಂತೆ ಮಾಡಿಯೂ ಬೈಸಿಕೊಂಡ ಗಲಿಬಿಲಿ ಮಾತ್ರ ಇತ್ತು.

ಅವನು ಹೂವನ್ನೂ ಹೀಚನ್ನೂ ಬಾಚಿಕೊಂಡು ವಿಧವೆಯ ಬಾಗಿಲಿಗೆ ಹೋದ. ತಲೆಯೆತ್ತಲಾಗಲಿಲ್ಲ. ಅವಳು ಒಂದು ಹೀಚನ್ನು ಕೈಗೆ ತೆಗೆದುಕೊಂಡು ನೋಡಿದಳು.

"ಮಕ್ಕಳನ್ನ ಬಯ್ಯಬೇಡಿ ಮೇಷ್ಟ್ರೇ" ಎಂದಳು. "ಏನೂ ತಿಳಿಯದ ಕೂಸುಗಳು. ನೀವಾದರೂ ಏನು ಮಾಡ್ತೀರಿ, ನೀವು ಒಳ್ಳೇದನ್ನೇ ಹೇಳಿಕೊಟ್ಟಿರ್ತೀರಿ."

ತಪ್ಪು ಮಕ್ಕಳದಲ್ಲ ತಾಯಿ ಎನ್ನಲು ಅವನು ಬಾಯಿ ತೆರೆದ. ಆದರೆ ಹೂವನ್ನು ಬಾಗಿಲಲ್ಲಿಟ್ಟು ತಿರುಗಿಬಿಟ್ಟ. ತನಗೆ ಸಲ್ಲದ ಅವಳ ಒಳ್ಳೆಯ ಮಾತನ್ನು ಹೊತ್ತುಕೊಂಡೇ ಮನೆಗೆ ಬಂದ. ಅಂದು ದೀಪ ಹಚ್ಚಿದನೇ ಹೊರತು ದೇವರ ಮುಖ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮುಂದಿನ ಮಾತಿಗೆ ಕಾದ.

"ಚಿತ್ರಪಟ ತರಿಸು ಮಗು, ಬೇಡವೆನ್ನುವುದಿಲ್ಲ. ಆದರೆ ಅವು ಬರುವ ತನಕ ಮಕ್ಕಳು ನಿನ್ನನ್ನೇ ನೋಡುತ್ತಿರುತ್ತಾರೆ."