ಮೊಹರಿನ ಹಿಡಿಗೆ ಹತ್ತಿದ ಗೆದ್ದಲು

ಬ್ರಿಟಿಷರ ಕಾಲದ ಕಚೇರಿಯೊಂದರಲ್ಲಿ ಮರದ ಹಿಡಿಯ ಹಿತ್ತಾಳೆ ಮೊಹರೊಂದಿತ್ತು. ತಾನು ಒತ್ತದೆ ಹುಲ್ಲುಕಡ್ಡಿಯೂ ಅಲುಗದೆಂದು ಅದಕ್ಕೆ ಜಂಬ. ಒಮ್ಮೆ ಅದರ ಹಿಡಿಗೇ ಗೆದ್ದಲು ಹತ್ತಿತು.

“ಎಲೈ ಗೆದ್ದಲೇ, ನಿನ್ನ ಮೇಲೆ ಸೀಮೆಎಣ್ಣೆ ಸುರಿಯಲು ಲಂಡನ್ನಿನ ಅಪ್ಪಣೆ ಕೇಳಿದ್ದೇವೆ. ಉತ್ತರ ಬರುವವರೆಗೆ ತಿನ್ನಕೂಡದು!” ಎಂದಿತು ಮೊಹರು.

“ಆಗಲಿ ಸ್ವಾಮಿ. ನಿಲ್ಲಿಸಲು ನಾನೂ ನಮ್ಮ ರಾಣಿಯ ಅಪ್ಪಣೆ ಕೇಳುತ್ತೇನೆ. ಅದು ಬರುವವರೆಗೆ ತಿನ್ನುತ್ತಿರುತ್ತೇನೆ,” ಎಂದಿತು ಗೆದ್ದಲು.

ಕಚೇರಿಯ ಪದ್ಧತಿ ಬಲ್ಲ ಮೊಹರಿಗೆ ಇದು ನ್ಯಾಯವೆಂದೇ ತೋರಿತು.

ಎರಡು ಮಳೆಗಾಲ ಕಳೆದು ಹಡಗಿನಲ್ಲಿ ಉತ್ತರ ಬಂತು: “ಸುರಿಯಬಹುದು. ಆದರೆ ಮೊದಲು ಈ ಪತ್ರ ತಲುಪಿತೆಂದು ಮೊಹರು ಒತ್ತಿ ತಿಳಿಸತಕ್ಕದ್ದು.”

ಗುಮಾಸ್ತ ಕೈಹಾಕಿದೊಡನೆ ಹಿಡಿ ಪುಡಿಪುಡಿಯಾಗಿ ಉದುರಿತು. ಅಂಗಾತ ಬಿದ್ದ ಮೊಹರು ತನ್ನನ್ನು ಕಂಡು ತಾನೇ ನಕ್ಕಿತು: “ಎಂಥ ಜಾಣ ನಾನು! ಹೊಸ ಹಿಡಿ ಕೇಳಿ ಲಂಡನ್ನಿಗೆ ಬರೆಯೋಣವೆಂದರೆ, ಆ ಕಾಗದಕ್ಕೂ ನನ್ನನ್ನೇ ಒತ್ತಬೇಕಲ್ಲ!”