ಡಿಸ್ಕಿನ ಮಡಿಲಲ್ಲಿ ಮಲಗಿದ್ದ ಜೋಗುಳ

ಒಂದು ಕಂಪ್ಯೂಟರಿನಲ್ಲಿ ಪರದೆಯ ಮೇಲೆ ಓಡಾಡುವ ಬಾಣವೂ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಡಿಸ್ಕೂ ಬಾಳುತ್ತಿದ್ದವು. ಅದರ ಒಡತಿ ವನಮಾಲಾ ಒಂದು ಸಂಜೆ ಬೇಡದ ಫೈಲುಗಳನ್ನು ಅಳಿಸುವಾಗ, ತೀರಿಹೋದ ತಾಯಿಯ ದನಿಯಲ್ಲಿದ್ದ ಜೋಗುಳವನ್ನೂ ಅಳಿಸಿಬಿಟ್ಟಳು.

ತಿಳಿದೊಡನೆ ಅವಳು ಮೌಸನ್ನು ಅತ್ತಿತ್ತ ಎಳೆದಾಡಿದಳು. ಬಾಣ ಗಾಬರಿಯಿಂದ ಸಿಕ್ಕಸಿಕ್ಕ ಫೈಲುಗಳ ಬಾಗಿಲುಗಳನ್ನೆಲ್ಲ ತೆರೆಯಿತು. ಆಗ ಪರದೆಯ ಮೇಲೆ ಹೊಳೆಯುವ ಪೆಟ್ಟಿಗೆಯೊಂದು ಮೂಡಿ, "ಕಳೆದುದನ್ನೆಲ್ಲ ಹುಡುಕಿಕೊಡುವೆ. ನನ್ನನ್ನು ಒಳಗೆ ಬಿಟ್ಟರೆ ಸಾಕು," ಎಂದಿತು.

ಬಾಣ ಅದರತ್ತ ಧಾವಿಸಿತು.

"ನಿಲ್ಲು," ಎಂದಿತು ಡಿಸ್ಕು. "ಜೋಗುಳದ ಹೆಸರಷ್ಟೇ ಅಳಿಸಿಹೋಗಿದೆ. ಹಾಡು ಇನ್ನೂ ನನ್ನ ಮಡಿಲಲ್ಲಿ ಮಲಗಿದೆ. ಈ ಅಪರಿಚಿತ ಬಂದರೆ ಅದರ ಮೇಲೆಯೇ ಹಾಸಿಗೆ ಹಾಸುತ್ತಾನೆ. ನೀನು ಬಾಗಿಲು ತೆರೆದಷ್ಟೂ ಹೊಸಬರು ಬಂದು ಅದನ್ನು ತುಳಿಯುತ್ತಾರೆ."

"ಸುಮ್ಮನೆ ನಿಂತರೆ ಅದು ಸಿಗುವುದೇ?"

"ಹುಡುಕಬಲ್ಲವರು ಬರುವ ತನಕ ಅದನ್ನು ಮಲಗಲು ಬಿಡು."

ಬಾಣ ನಿಂತಲ್ಲೇ ನಿಂತಿತು. ವನಮಾಲಾ ಎಷ್ಟು ಒತ್ತಿದರೂ ಕದಲಲಿಲ್ಲ. ಕೊನೆಗೆ ಅವಳು ಕಂಪ್ಯೂಟರನ್ನು ಆರಿಸಿ, ರಿಪೇರಿ ಬಲ್ಲ ಗೆಳತಿ ರೇಷ್ಮಾಳ ಬಳಿಗೆ ಒಯ್ದಳು.

ರೇಷ್ಮಾ ನಿಧಾನವಾಗಿ ಹುಡುಕಿದಳು. ಮಂಜಿನೊಳಗಿಂದ ಬಂದಂತೆ ತಾಯಿಯ ದನಿ ಮೆಲ್ಲಗೆ ಕೋಣೆಯನ್ನು ತುಂಬಿತು. ಆದರೆ ಕೊನೆಯ ಸಾಲಿನ ಹೊತ್ತಿಗೆ ನಿಂತುಹೋಯಿತು.

"ಆ ಸಾಲಿನ ಮೇಲೆ ಆಗಲೇ ಬೇರೇನೋ ಬಂದು ಕೂತಿದೆ ಕಣೆ," ಎಂದಳು ರೇಷ್ಮಾ.

ಬಾಣ ನಾಚಿ ಪರದೆಯ ಮೂಲೆ ಸೇರಿತು. ವನಮಾಲಾ ಕಣ್ಣು ಮುಚ್ಚಿ, ಉಳಿದ ಸಾಲನ್ನು ತಾನೇ ಹಾಡಿದಳು.